ಕೊಟ್ಟಿಗೆಯಿಂದ ಮನೆಗೆ ಬರುವ ಕಾಯಿಲೆಗಳು: ಮಲೆನಾಡಿನ ದನ ಸಾಕುವವರಿಗೆ ಒಂದು ಕೈಪಿಡಿ

ಮಲೆನಾಡಿನ ಹೆಚ್ಚಿನ ಮನೆಗಳಲ್ಲಿ ಕೊಟ್ಟಿಗೆ ಮನೆಗೆ ತಾಗಿಕೊಂಡೇ ಇರುತ್ತದೆ. ಕೊಟ್ಟಿಗೆಯ ಹಿಂದೆ ಸೊಪ್ಪಿನ ಬೆಟ್ಟ, ಬೆಟ್ಟದಾಚೆ ಕಾಡು. ಬೆಳಗ್ಗೆ ಬಿಟ್ಟ ಮಲೆನಾಡು ಗಿಡ್ಡ ದನಗಳು ಕಾಡಿನಲ್ಲಿ ಮೇಯ್ದು ಸಂಜೆ ಹಟ್ಟಿಗೆ ಮರಳುತ್ತವೆ. ಬೇಸಿಗೆಯಲ್ಲಿ ಗುಡಿಸಿ ತಂದ ದರಗು (ಒಣಗಿದ ತರಗೆಲೆ) ಅವುಗಳ ಕಾಲಡಿಗೆ ಹಾಸಾಗಿ, ಗೊಬ್ಬರವಾಗಿ, ಅಡಿಕೆ ತೋಟಕ್ಕೆ ಹೋಗುತ್ತದೆ. ನಮ್ಮ ಬೇಸಾಯ ನಿಂತಿರುವುದೇ ಈ ಸುತ್ತಿನ ಮೇಲೆ. ಪ್ರಾಣಿಗಳಿಂದ ಮನುಷ್ಯರಿಗೆ ದಾಟುವ ಕೆಲವು ಕಾಯಿಲೆಗಳಿಗೂ ಇದೇ ಸುತ್ತು ದಾರಿಯಾಗಿದೆ. ಹಾಗೆಂದು ದನ ಸಾಕುವುದನ್ನು ಬಿಡಬೇಕಾಗಿಲ್ಲ. ಯಾವ ಕಾಯಿಲೆ ಯಾವ ಕಾಲದಲ್ಲಿ, ಯಾವ ಕೆಲಸದ ಮೂಲಕ ಬರುತ್ತದೆ ಎಂಬುದು ತಿಳಿದಿದ್ದರೆ ಬಹುಪಾಲು ಅಪಾಯವನ್ನು ಮನೆಯವರೇ ತಡೆಯಬಹುದು. ಅಷ್ಟೇ ಮುಖ್ಯವಾದ ಇನ್ನೊಂದು ಮಾತೆಂದರೆ, ಮನೆಯಲ್ಲಿ ಯಾರಿಗಾದರೂ ಜ್ವರ ಬಂದಾಗ ಕೊಟ್ಟಿಗೆಯಲ್ಲಿ ನಡೆದದ್ದನ್ನೂ ವೈದ್ಯರಿಗೆ ಹೇಳಬೇಕು. ಈ ಎರಡನೆಯ ಕೆಲಸವನ್ನು ನಾವು ಮಾಡುವುದು ತೀರ ಕಡಿಮೆ.

ಉಣುಗಿನ ಕಾಲ

ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಊರುಗಳ ಜನರಿಗೆ ತೀವ್ರ ಜ್ವರ ಬಂದಾಗ ಹೊಸ ಕಾಯಿಲೆಯೊಂದು ಮೊದಲ ಬಾರಿಗೆ ಗುರುತಿಗೆ ಬಂತು. ಕಾಡಿನ ಹೆಸರೇ ಕಾಯಿಲೆಗೂ ಬಂತು. ಜನರ ಬಾಯಲ್ಲಿ ಅದು ಮಂಗನ ಕಾಯಿಲೆಯಾಯಿತು. ಇದು ವೈರಸ್‌ನಿಂದ ಬರುವ ಕಾಯಿಲೆ. ವೈರಸ್ಸನ್ನು ಮನುಷ್ಯರಿಗೆ ದಾಟಿಸುವುದು ಉಣುಗು (ರಕ್ತ ಹೀರುವ ಉಣ್ಣೆಹುಳ), ಅದರಲ್ಲೂ ಎಳ್ಳಿನ ಕಾಳಿಗಿಂತ ದೊಡ್ಡದಲ್ಲದ ಮರಿ ಉಣುಗು. ಮಳೆಗಾಲ ಮುಗಿದ ಮೇಲೆ ಇವು ನೆಲದ ತರಗೆಲೆಯಲ್ಲಿ ಹೆಚ್ಚುತ್ತವೆ. ಆದ್ದರಿಂದ ಕಾಯಿಲೆಯ ಕಾಲ ಸುಮಾರು ಡಿಸೆಂಬರಿನಿಂದ ಮೇ ತಿಂಗಳವರೆಗೆ. ನಾವು ದರಗು ಗುಡಿಸಲು, ಸೌದೆ ತರಲು, ಸೀಗೆ ಆರಿಸಲು ಕಾಡಿಗೆ ಹೋಗುವ ಕಾಲವೂ ಅದೇ.

ದನಕ್ಕೂ ಈ ಕಾಯಿಲೆಗೂ ಇರುವ ಸಂಬಂಧವನ್ನು ಸರಿಯಾಗಿ ತಿಳಿದುಕೊಳ್ಳುವುದು ಅಗತ್ಯ. ಮಂಗನ ಕಾಯಿಲೆ ದನಕ್ಕೆ ಬರುವುದಿಲ್ಲ, ದನದಿಂದ ನೇರವಾಗಿ ಮನುಷ್ಯರಿಗೆ ಅಂಟುವುದೂ ಇಲ್ಲ, ಮನುಷ್ಯರಿಂದ ಮನುಷ್ಯರಿಗೂ ಹರಡುವುದಿಲ್ಲ. ಆದರೆ ಬಲಿತ ಉಣುಗು ರಕ್ತ ಹೀರುವುದು ದನದಂಥ ದೊಡ್ಡ ಪ್ರಾಣಿಗಳಿಂದ. ಹೊಟ್ಟೆ ತುಂಬಿದ ಹೆಣ್ಣು ಉಣುಗು ಕೆಳಗೆ ಉದುರಿ ಸಾವಿರಾರು ಮೊಟ್ಟೆ ಇಡುತ್ತದೆ. ಕಾಡಂಚಿನಲ್ಲಿ ಮೇಯುವ ದನದ ಮೈಮೇಲೆ ಉಣುಗು ಬೆಳೆಯಲು ಬಿಟ್ಟಷ್ಟೂ ಮುಂದಿನ ವರ್ಷ ಮನೆಯ ಸುತ್ತಲಿನ ನೆಲದಲ್ಲಿ ಮರಿಗಳು ಹೆಚ್ಚುತ್ತವೆ. ಹೀಗಾಗಿ ದನದ ಉಣುಗು ತೆಗೆಯುವುದೆಂದರೆ ಅದು ಹಾಲಿನ ಲೆಕ್ಕದ ಮಾತಷ್ಟೇ ಅಲ್ಲ.

ಮಳೆ ಬಿಟ್ಟ ಕೂಡಲೇ, ಅಂದರೆ ದೀಪಾವಳಿಯ ಗೋಪೂಜೆಗೆ ದನದ ಮೈ ತೊಳೆಯುವ ಹೊತ್ತಿನಿಂದಲೇ, ಉಣುಗಿನ ಕಡೆ ಗಮನ ಕೊಡಲು ಆರಂಭಿಸಬೇಕು. ಕಿವಿಯ ಒಳಭಾಗ, ಗಂಗೆದೊಗಲು, ಕೆಚ್ಚಲಿನ ಸಂದು, ಬಾಲದ ಬುಡ ಇವುಗಳನ್ನು ವಾರಕ್ಕೊಮ್ಮೆಯಾದರೂ ಕೈಯಾಡಿಸಿ ನೋಡಬೇಕು. ಬೆನ್ನಿನ ಮೇಲೆ ಹುಯ್ಯುವ ಫ್ಲುಮೆತ್ರಿನ್, ನೀರಿಗೆ ಬೆರೆಸಿ ಮೈಗೆ ಹಚ್ಚುವ ಡೆಲ್ಟಾಮೆತ್ರಿನ್, ಚುಚ್ಚುಮದ್ದಾಗಿ ಕೊಡುವ ಐವರ್ಮೆಕ್ಟಿನ್ ಬಳಕೆಯಲ್ಲಿವೆ. ಇವುಗಳಲ್ಲಿ ಯಾವುದನ್ನು, ಎಷ್ಟು, ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಪಶುವೈದ್ಯರಿಂದ ಕೇಳಿಯೇ ನಿರ್ಧರಿಸಬೇಕು; ಹಾಲು ಕೊಡುವ ಹಸುವಾದರೆ ಎಷ್ಟು ದಿನ ಹಾಲು ಬಳಸಬಾರದು ಎಂಬುದನ್ನೂ ಅಲ್ಲೇ ಕೇಳಿಕೊಳ್ಳಬೇಕು. ಔಷಧಿಯನ್ನು ಅಂದಾಜಿನಲ್ಲಿ ಬೆರೆಸುವುದು ತಪ್ಪು. ತೆಳುವಾದರೆ ಉಣುಗು ಅದಕ್ಕೆ ಒಗ್ಗಿಕೊಳ್ಳುತ್ತದೆ, ಗಟ್ಟಿಯಾದರೆ ದನಕ್ಕೇ ವಿಷವಾಗುತ್ತದೆ. ದನ ನೆಕ್ಕದಂತೆ ನೋಡಿಕೊಳ್ಳಬೇಕು, ಹಚ್ಚುವವರು ಕೈಗವಸು ಹಾಕಿಕೊಳ್ಳಬೇಕು. ಬಿಡಿಸಿದ ಉಣುಗನ್ನು ಉಗುರಿನಲ್ಲಿ ಒರೆಯುವ ರೂಢಿ ಬಿಟ್ಟು ಸೋಪು ನೀರಿಗೋ ಸೀಮೆಎಣ್ಣೆಗೋ ಹಾಕುವುದು ಒಳ್ಳೆಯದು. ಕೊಟ್ಟಿಗೆಯ ಗೋಡೆಯ ಬಿರುಕು, ಗೋದಲೆಯ ಸಂದುಗಳಲ್ಲಿ ಕೆಲವು ಜಾತಿಯ ಉಣುಗುಗಳು ಅಡಗಿರುತ್ತವೆ. ಅವನ್ನು ಮುಚ್ಚಿ ಸುಣ್ಣ ಬಳಿಯುವುದರಿಂದ ಪ್ರಯೋಜನವಿದೆ.

ದರಗಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ಮಂಗಗಳು ಸತ್ತ ಸುದ್ದಿ ಇರುವ ಕಾಡಿನಿಂದ ಆ ವರ್ಷ ದರಗು ತರಲೇಬಾರದು. ಕೊಟ್ಟಿಗೆಯ ಹಾಸನ್ನು ಒಣಹುಲ್ಲು, ಭತ್ತದ ಹೊಟ್ಟು, ತೋಟದ ಅಡಿಕೆ ಸೋಗೆ ಇವುಗಳಿಂದ ನಡೆಸಬಹುದು. ಬೇರೆ ದಾರಿಯೇ ಇಲ್ಲವೆಂದಾದರೆ, ಕಾಡಿಗೆ ಹೋಗುವ ಮುನ್ನ ಉಣುಗು ಹತ್ತದಂತೆ ತಡೆಯಲು ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆಯನ್ನು ಕೈಕಾಲು, ಕುತ್ತಿಗೆಗೆ ಹಚ್ಚಿಕೊಳ್ಳಬೇಕು. ಉದ್ದ ತೋಳಿನ ಅಂಗಿ ಹಾಕಿಕೊಂಡು ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಬೇಕು. ತರಗಿನ ಮೇಲೆ ಕುಳಿತು ಊಟ ಮಾಡುವುದು, ದರಗಿನ ಹೊರೆಯನ್ನು ಬರಿ ತಲೆಯ ಮೇಲೆ ಹೊರುವುದು ಬೇಡ. ಮನೆಗೆ ಬಂದವರು ಬಟ್ಟೆಯನ್ನು ಒಳಗೆ ತಾರದೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಮೊಣಕಾಲಿನ ಹಿಂಭಾಗ, ಕಿವಿಯ ಹಿಂದೆ ಹುಡುಕಬೇಕು. ಮಕ್ಕಳ ತಲೆಗೂದಲನ್ನು ದೊಡ್ಡವರು ನೋಡಬೇಕು. ಕಚ್ಚಿಕೊಂಡ ಉಣುಗು ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ ಎಳೆದು ತೆಗೆದು, ಆ ಜಾಗವನ್ನು ಸೋಪಿನಿಂದ ತೊಳೆಯಬೇಕು. ಬೀಡಿಯ ಕೆಂಡ ತಾಗಿಸುವುದು, ಸುಣ್ಣ ಹಚ್ಚುವುದು ಬೇಡ.

ಸತ್ತ ಮಂಗ ಕಂಡರೆ ಹತ್ತಿರ ಹೋಗಬಾರದು, ಹೂಳುವ ಸದುದ್ದೇಶದಿಂದಲೂ ಮುಟ್ಟಬಾರದು. ಮಂಗ ಸತ್ತಾಗ ಅದರ ಮೈಮೇಲಿದ್ದ ಉಣುಗುಗಳು ಉದುರಿ ಆ ಜಾಗದಲ್ಲಿ ಸೇರಿಕೊಂಡಿರುತ್ತವೆ. ಆಶಾ ಕಾರ್ಯಕರ್ತೆಗೋ ಗ್ರಾಮ ಪಂಚಾಯಿತಿಗೋ ಅರಣ್ಯ ಸಿಬ್ಬಂದಿಗೋ ತಿಳಿಸಿ, ಆ ದಿಕ್ಕಿಗೆ ದನ ಹೋಗದಂತೆ ತಡೆಯಬೇಕು. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಇದ್ದಕ್ಕಿದ್ದಂತೆ ತೀವ್ರ ಜ್ವರ, ಹಣೆನೋವು, ಮೈಕೈ ನೋವು, ಕಣ್ಣು ಕೆಂಪಾಗುವುದು, ವಾಂತಿಭೇದಿ ಕಾಣಿಸಿಕೊಳ್ಳುತ್ತದೆ. ಕೆಲವರಿಗೆ ಒಸಡಿನಿಂದ, ಮೂಗಿನಿಂದ ರಕ್ತ ಬರುತ್ತದೆ. ಇನ್ನು ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಬಂದು, ಮಂಪರು, ನಡುಕ ಕಾಣಿಸುತ್ತದೆ. ವೈರಸ್ಸನ್ನೇ ಕೊಲ್ಲುವ ಔಷಧಿ ಇದಕ್ಕಿಲ್ಲ. ಕಾಯಿಲೆ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ತೀರಿಕೊಳ್ಳುತ್ತಾರೆ. ಹಿಂದೆ ಕೊಡುತ್ತಿದ್ದ ಲಸಿಕೆಯ ಬಳಕೆ ನಿಂತಿದ್ದು, ಹೊಸದರ ತಯಾರಿ ನಡೆದಿದೆ. ಆದ್ದರಿಂದ ಬೇಗ ರಕ್ತ ಪರೀಕ್ಷೆ ಮಾಡಿಸಿ ಆಸ್ಪತ್ರೆಯ ನಿಗಾದಲ್ಲಿ ಇರುವುದೇ ಜೀವ ಉಳಿಸುವ ಮಾರ್ಗ. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಬಾರದು. ಆಸ್ಪಿರಿನ್‌ನಂಥವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ.

ದನ ಕಂದು ಹಾಕಿದಾಗ

ಗಬ್ಬವಾಗಿ ಆರು ತಿಂಗಳು ದಾಟಿದ ಹಸು ಕಂದು ಹಾಕಿದರೆ, ಅಂದರೆ ಅದಕ್ಕೆ ಗರ್ಭಪಾತವಾದರೆ, ಅದರ ಜೊತೆಗೆ ಮಾಸು ಬೀಳದೆ ಉಳಿದರೆ, ಮೊದಲು ಅನುಮಾನಿಸಬೇಕಾದದ್ದು ಬ್ರುಸೆಲ್ಲಾ ರೋಗವನ್ನು. ಹಸು ಎಡವಿತು, ದೃಷ್ಟಿಯಾಯಿತು, ತುಳಿದಾಡಿಕೊಂಡವು ಎಂದು ಕಾರಣ ಹುಡುಕಿ ಸುಮ್ಮನಾಗುವುದು ನಮ್ಮಲ್ಲಿ ಸಾಮಾನ್ಯ. ಅಷ್ಟರಲ್ಲಿ ಬರಿಗೈಯಲ್ಲಿ ಮಾಸು ಎಳೆದು, ಕೊಟ್ಟಿಗೆ ಬಳಿದು ಮುಗಿದಿರುತ್ತದೆ. ಈ ರೋಗದ ಬ್ಯಾಕ್ಟೀರಿಯಾ ಅತಿ ಹೆಚ್ಚು ಇರುವುದು ಬಿದ್ದ ಕಂದಿನಲ್ಲಿ, ಮಾಸಿನಲ್ಲಿ, ಸುರಿಯುವ ದ್ರವದಲ್ಲಿ. ಕೈಯ ಸಣ್ಣ ಗೀರಿನ ಮೂಲಕ, ಕಣ್ಣಿಗೆ ಸಿಡಿದ ಹನಿಯ ಮೂಲಕ, ಉಸಿರಿನ ಮೂಲಕವೂ ಅದು ಒಳಹೋಗುತ್ತದೆ.

ಆಗ ಮಾಡಬೇಕಾದದ್ದು ಹೀಗೆ. ಮಕ್ಕಳನ್ನೂ ಬಸುರಿ ಹೆಂಗಸರನ್ನೂ ಕೊಟ್ಟಿಗೆಯಿಂದ ದೂರ ಇಡಬೇಕು; ಬಸುರಿಯರ ಮಟ್ಟಿಗೆ ಇದರಲ್ಲಿ ಯಾವ ರಿಯಾಯಿತಿಯೂ ಇರಬಾರದು, ಏಕೆಂದರೆ ಬ್ರುಸೆಲ್ಲಾ ಮಾತ್ರವಲ್ಲದೆ ದನಕರು, ಕುರಿಮೇಕೆಗಳ ಗರ್ಭಪಾತಕ್ಕೆ ಕಾರಣವಾಗುವ ಕ್ಯೂ ಜ್ವರದಂಥ ಸೋಂಕುಗಳೂ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ ತರುತ್ತವೆ. ಕೈಯಲ್ಲಿ ಗಾಯವಿಲ್ಲದ ಒಬ್ಬರು ಮಾತ್ರ ಒಳಹೋಗಿ, ಮೊಣಕೈವರೆಗಿನ ಕೈಗವಸು, ಮೂಗುಬಾಯಿಗೆ ಮಾಸ್ಕು, ಕಾಲಿಗೆ ಗಂಬೂಟು ಹಾಕಿಕೊಂಡು ಕೆಲಸ ಮಾಡಬೇಕು. ಕೈಗವಸು ಇಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಕಟ್ಟಿಕೊಳ್ಳಬೇಕು. ಪಶುವೈದ್ಯರು ಮಾದರಿ ತೆಗೆದುಕೊಳ್ಳುವುದಾದರೆ ಅವರು ಬರುವವರೆಗೆ ಕಂದನ್ನು ನಾಯಿ ಮುಟ್ಟದಂತೆ ಮುಚ್ಚಿಡಬೇಕು. ಅನಂತರ ಬಾವಿ, ಹಳ್ಳದಿಂದ ದೂರದಲ್ಲಿ, ನಾಯಿನರಿ ಕೆದಕಲಾಗದಷ್ಟು ಆಳಕ್ಕೆ, ಅಂದರೆ ನಾಲ್ಕೈದು ಅಡಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು. ಹಾಸಿದ್ದ ಸೊಪ್ಪು, ಹುಲ್ಲನ್ನು ಗೊಬ್ಬರಗುಂಡಿಗೆ ಎಸೆಯದೆ ಸುಡಬೇಕು ಅಥವಾ ಜೊತೆಗೇ ಹೂಳಬೇಕು. ನೆಲವನ್ನು ಬ್ಲೀಚಿಂಗ್ ಪುಡಿಯ ನೀರಿನಿಂದಲೋ ಫಿನಾಯಿಲಿನಿಂದಲೋ ತೊಳೆಯಬೇಕು. ಸಗಣಿ ಇದ್ದಲ್ಲಿ ಬ್ಲೀಚಿಂಗ್ ಪುಡಿ ಕೆಲಸ ಮಾಡದಿರುವುದರಿಂದ ಮೊದಲು ಸಗಣಿ ಬಾಚಿ ತೆಗೆಯಬೇಕು. ಮಾಸನ್ನು ಹುಲ್ಲಿನಲ್ಲಿ ಸುತ್ತಿ ಹಾಲು ಸುರಿಯುವ ಮರಕ್ಕೆ ಕಟ್ಟುವ ರೂಢಿ ಕೆಲವು ಕಡೆ ಇದೆ. ಹಸುವಿನ ಹಾಲು ಹೆಚ್ಚಲಿ ಎಂಬ ಆಶಯ ಅದರ ಹಿಂದಿರುವುದು ನಿಜವಾದರೂ, ಕಂದು ಹಾಕಿದ ಹಸುವಿನ ಮಾಸನ್ನು ಹಾಗೆ ತೂಗುಹಾಕಿದರೆ ಕಾಗೆ, ನಾಯಿಗಳು ಸೋಂಕನ್ನು ಊರೆಲ್ಲ ಹರಡುತ್ತವೆ.

ಆ ಹಸುವನ್ನು ಬೇರೆ ಕಟ್ಟಿ, ಕೊನೆಯಲ್ಲಿ ಹಾಲು ಕರೆಯಬೇಕು. ರಕ್ತ ಅಥವಾ ಹಾಲಿನ ಪರೀಕ್ಷೆಯಿಂದ ರೋಗ ತಿಳಿಯುತ್ತದೆ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇರುವುದು ನಮ್ಮ ಜಿಲ್ಲೆಯವರಿಗೆ ಅನುಕೂಲ. ಮಾದರಿಯನ್ನು ಎಲ್ಲಿಗೆ ಕಳಿಸಬೇಕೆಂದು ಸ್ಥಳೀಯ ಪಶು ಆಸ್ಪತ್ರೆಯವರು ಹೇಳುತ್ತಾರೆ. ರೋಗ ಖಚಿತವಾದ ಹಸುವಿಗೆ ಗುಣವಾಗುವ ಚಿಕಿತ್ಸೆ ಇಲ್ಲ. ಅದನ್ನು ಗುಟ್ಟಾಗಿ ಇನ್ನೊಬ್ಬರಿಗೆ ಮಾರಿದರೆ ಇನ್ನೊಂದು ಮನೆಯ ಕೊಟ್ಟಿಗೆಗೂ, ಆ ಮನೆಯವರಿಗೂ ರೋಗವನ್ನು ಮಾರಿದಂತೆಯೇ. ಇದನ್ನು ನಾನು ಕಠಿಣವಾಗಿಯೇ ಹೇಳುತ್ತಿದ್ದೇನೆ. ಹೊಸ ಹಸು ಕೊಳ್ಳುವಾಗ ಹಾಲಿನ ಲೆಕ್ಕ ಕೇಳುವುದರ ಜೊತೆಗೆ ಹಿಂದೆ ಕಂದು ಹಾಕಿತ್ತೇ ಎಂದು ಕೇಳಿ, ಬ್ರುಸೆಲ್ಲಾ ಪರೀಕ್ಷೆ ಮಾಡಿಸಿ ತರುವುದು ರೂಢಿಯಾಗಬೇಕು.

ತಡೆಯುವ ದಾರಿ ಲಸಿಕೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಜೀವಮಾನದಲ್ಲಿ ಒಂದೇ ಸಲ ಈ ಲಸಿಕೆ ಕೊಡುತ್ತಾರೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರಾಣಿ ರೋಗ ನಿಯಂತ್ರಣ ಕಾರ್ಯಕ್ರಮದಡಿ ಇದು ಉಚಿತ. ಕಾಲುಬಾಯಿ ಜ್ವರದ ಲಸಿಕೆಗೆ ಬಂದವರು ಇದನ್ನೂ ಹಾಕಿರುತ್ತಾರೆಂದು ಊಹಿಸಬೇಡಿ. ಮನೆಯಲ್ಲಿ ಹೆಣ್ಣು ಕರು ಹುಟ್ಟಿದ ದಿನವನ್ನು ಬರೆದಿಟ್ಟು, ನಾಲ್ಕು ತಿಂಗಳು ತುಂಬಿದಾಗ ನೀವೇ ಕೇಳಬೇಕು. ಇದು ಜೀವಂತ ರೋಗಾಣುವಿನ ಲಸಿಕೆಯಾದ್ದರಿಂದ ಸೂಜಿ ಕೈಗೆ ಚುಚ್ಚಿಕೊಂಡರೆ ಮನುಷ್ಯರಿಗೂ ರೋಗ ಬರಬಹುದು. ತರಬೇತಿ ಇರುವವರೇ ಹಾಕಬೇಕು.

ಮನುಷ್ಯರಲ್ಲಿ ಇದು ಬಂದು ಹೋಗುವ ಜ್ವರವಾಗಿ, ರಾತ್ರಿ ಬೆವರಾಗಿ, ಸೊಂಟ, ಕೀಲುಗಳ ನೋವಾಗಿ, ಗಂಡಸರಲ್ಲಿ ವೃಷಣದ ಬಾವಾಗಿ ತಿಂಗಳುಗಟ್ಟಲೆ ಕಾಡುತ್ತದೆ. ಟೈಫಾಯ್ಡ್ ಎಂದೋ ಕ್ಷಯವೆಂದೋ ವಾತವೆಂದೋ ತಿಳಿದು ಔಷಧಿ ಮಾಡುತ್ತ ದಿನ ಕಳೆಯುವುದುಂಟು. ಸರಿಯಾಗಿ ಪತ್ತೆಯಾದರೆ ಎರಡು ಬಗೆಯ ಆ್ಯಂಟಿಬಯಾಟಿಕ್ಕನ್ನು ಸಾಮಾನ್ಯವಾಗಿ ಆರು ವಾರ ಕೊಡುತ್ತಾರೆ. ನೋವು ಕಡಿಮೆಯಾಯಿತೆಂದು ನಡುವೆ ಬಿಟ್ಟರೆ ಕಾಯಿಲೆ ಮರುಕಳಿಸುತ್ತದೆ.

ಹಾಲು

ಬ್ರುಸೆಲ್ಲಾ ಮತ್ತು ದನದ ಕ್ಷಯ, ಎರಡೂ ಹಸಿ ಹಾಲಿನ ಮೂಲಕ ಮನೆಯೊಳಗೆ ಬರುತ್ತವೆ. ನಮ್ಮಲ್ಲಿ ಹಾಲು ಕಾಯಿಸುವ ರೂಢಿ ಗಟ್ಟಿಯಾಗಿರುವುದೇ ದೊಡ್ಡ ರಕ್ಷಣೆ. ಉಕ್ಕಿ ಬರುವವರೆಗೆ ಕಾಯಿಸಿದರೆ ಈ ರೋಗಾಣುಗಳು ಉಳಿಯುವುದಿಲ್ಲ. ತಪ್ಪುವುದು ಕೆಲವು ಕಡೆ ಮಾತ್ರ: ಕರೆದ ಕೂಡಲೇ ಮಕ್ಕಳಿಗೆ ಕುಡಿಸುವ ನೊರೆಹಾಲಿನಲ್ಲಿ, ಪಥ್ಯವೆಂದು ಕೊಡುವ ಹಸಿ ಹಾಲಿನಲ್ಲಿ, ಪೂಜೆಯ ಪಂಚಾಮೃತದಲ್ಲಿ. ತೀರ್ಥವಾಗಿ ಹಂಚುವ ಪಂಚಾಮೃತಕ್ಕೆ ಕಾಯಿಸಿ ಆರಿಸಿದ ಹಾಲು ಮತ್ತು ಅಂಥದೇ ಹಾಲಿನ ಮೊಸರು ಬಳಸಿದರೆ ಸಾಕು. ಹಸಿ ಹಾಲಿಗೆ ಹೆಪ್ಪು ಹಾಕಿದ ಮೊಸರಿನ ಹುಳಿ ರೋಗಾಣುವನ್ನು ನಂಬುವಂತೆ ಕೊಲ್ಲುವುದಿಲ್ಲ. ಗಿಣ್ಣವನ್ನು ಚೆನ್ನಾಗಿ ಬೇಯಿಸಿ ಮಾಡುವುದರಿಂದ ಆ ಭಯವಿಲ್ಲ; ಆದರೆ ಕಂದು ಹಾಕಿದ ಹಸುವಿನ ಗಿಣ್ಣುಹಾಲನ್ನು ಮನೆಗೆ ತರುವುದೇ ಬೇಡ.

ಮಳೆಗಾಲದ ಇಲಿಜ್ವರ

ನಾಟಿಯ ಕಾಲದಲ್ಲಿ ಗದ್ದೆಯ ನೀರಿನಲ್ಲಿ ನಿಂತವರಿಗೆ, ಕೊಳೆ ಔಷಧಿ ಹೊಡೆಯಲು ತೋಟದ ಕಪ್ಪಿನಲ್ಲಿ (ಬಸಿಗಾಲುವೆಯಲ್ಲಿ) ಓಡಾಡುವವರಿಗೆ, ಕೊಟ್ಟಿಗೆ ಬಾಚುವವರಿಗೆ ಬರುವ ಜ್ವರ ಇದು. ಇಲಿಯ ಮೂತ್ರದಿಂದ ಬರುತ್ತದೆಂದು ಎಲ್ಲರಿಗೂ ಗೊತ್ತು. ಸೋಂಕು ತಗುಲಿದ ದನ, ಹಂದಿ, ನಾಯಿಗಳ ಮೂತ್ರದಲ್ಲಿಯೂ ಅದೇ ರೋಗಾಣು ಬಹಳ ದಿನ ಹೊರಬೀಳುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಆದ್ದರಿಂದ ಗಂಜಲದ ಕಾಲುವೆ ಕಟ್ಟಿಕೊಳ್ಳದಂತೆ ಹರಿಯಬೇಕು, ಕಾಲಿನ ಒಡಕು, ಕೆಸರುಹುಣ್ಣಿಗೆ ಪಟ್ಟಿ ಕಟ್ಟಿ ಗಂಬೂಟು ಹಾಕಿಯೇ ಇಳಿಯಬೇಕು. ಹಿಂಡಿ, ಬೂಸಾವನ್ನು ಮುಚ್ಚಳದ ಡಬ್ಬಿಯಲ್ಲಿಡುವುದು ಇಲಿ ಕಡಿಮೆ ಮಾಡುವ ಸುಲಭ ಉಪಾಯ. ಜ್ವರದ ಜೊತೆ ಮೀನಖಂಡದ ತೀವ್ರ ನೋವು, ಕಣ್ಣು ಕೆಂಪು, ಮೂತ್ರ ಕಡಿಮೆ, ಕಣ್ಣುಮೈ ಹಳದಿಯಾಗುವುದು ಕಂಡರೆ ಕಾಮಾಲೆಯೆಂದು ನಾಟಿ ಔಷಧಿಗೆ ಹೋಗಿ ದಿನ ಕಳೆಯಬಾರದು. ಆರಂಭದಲ್ಲೇ ಆ್ಯಂಟಿಬಯಾಟಿಕ್ ಕೊಟ್ಟರೆ ಇದು ಗುಣವಾಗುವ ರೋಗ. ತಡವಾದರೆ ಮೂತ್ರಪಿಂಡ, ಶ್ವಾಸಕೋಶಗಳಿಗೆ ಹೊಡೆತ ಬೀಳುತ್ತದೆ.

ಬಾಯಿಗೆ ಕೈ ಹಾಕುವ ಮುನ್ನ

ದನ ಮೇವು ಬಿಟ್ಟು, ಜೊಲ್ಲು ಸುರಿಸುತ್ತ, ದನಿ ಬದಲಾಗಿ ಒಂದೇ ಸಮನೆ ಕೂಗುತ್ತಿದ್ದರೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಬಾಯಿಗೆ ಕೈ ಹಾಕುವುದು ಸಹಜ. ಅದು ಹುಚ್ಚುರೋಗವೂ ಆಗಿರಬಹುದು. ಕಾಡಿಗೆ ಹೋದ ದನವನ್ನು ನಾಯಿಯೋ ನರಿಯೋ ಕಚ್ಚಿದ್ದು ಯಾರ ಗಮನಕ್ಕೂ ಬಂದಿರುವುದಿಲ್ಲ. ರೋಗ ಕಾಣಿಸಿಕೊಳ್ಳಲು ವಾರಗಳಿಂದ ತಿಂಗಳುಗಳೇ ಹಿಡಿಯಬಹುದು. ಪಶುವೈದ್ಯರು ನೋಡುವವರೆಗೆ ದನವನ್ನು ಗಟ್ಟಿಯಾಗಿ ಕಟ್ಟಿ ದೂರವಿರಬೇಕು. ಜೊಲ್ಲು ಗಾಯಕ್ಕೆ, ಕಣ್ಣಿಗೆ, ಬಾಯಿಗೆ ತಾಗಿದ್ದರೆ, ಇಲ್ಲವೇ ನಾಯಿ ಕಚ್ಚಿದ್ದರೆ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು (ಕಣ್ಣು, ಬಾಯಿಯಾದರೆ ಬರಿ ನೀರಿನಿಂದ) ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಚರ್ಮದಲ್ಲಿ ಕೊಡುವ ಲಸಿಕೆಯನ್ನು ಮೊದಲ ದಿನವನ್ನು ಸೊನ್ನೆಯೆಂದು ಎಣಿಸಿ 0, 3, 7 ಮತ್ತು 28ನೆಯ ದಿನ ತಪ್ಪದೆ ತೆಗೆದುಕೊಳ್ಳಬೇಕು. ರಕ್ತ ಬಂದ ಗಾಯಕ್ಕೆ ಇಮ್ಯುನೊಗ್ಲೋಬುಲಿನ್ ಎಂಬ ಸಿದ್ಧ ಪ್ರತಿಕಾಯದ ಚುಚ್ಚುಮದ್ದು ಕೂಡ ಬೇಕು. ರೋಗ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯರಿಗಾಗಲಿ ದನಕ್ಕಾಗಲಿ ಉಳಿಯುವ ದಾರಿ ಇಲ್ಲವೆಂದೇ ತಿಳಿಯಬೇಕು. ನಾಯಿ ಕಚ್ಚಿದ್ದು ಗೊತ್ತಾದ ದನಕ್ಕೂ ಕೂಡಲೇ ಲಸಿಕೆ ಆರಂಭಿಸಬಹುದು. ಮನೆಯ ನಾಯಿಗೆ ವರ್ಷಕ್ಕೊಮ್ಮೆ ಲಸಿಕೆ ಹಾಕಿಸುವುದು ಇವೆಲ್ಲಕ್ಕಿಂತ ಅಗ್ಗ.

ಚೆನ್ನಾಗಿಯೇ ಇದ್ದ ದನ ಇದ್ದಕ್ಕಿದ್ದಂತೆ ಸತ್ತು, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರುತ್ತಿದ್ದರೆ ಅದು ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ಇರಬಹುದು. ಚರ್ಮ ಸುಲಿಯಬಾರದು, ಕೊಯ್ಯಬಾರದು, ಮಾಂಸ ಬಳಸಬಾರದು, ಎಳೆದುಕೊಂಡು ಹೋಗಿ ಕಾಡಿಗೆ ಎಸೆಯಬಾರದು. ಗಾಳಿ ತಾಗಿದ ರೋಗಾಣು ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುವ ಬೀಜಕಣವಾಗುತ್ತದೆ. ಹೆಣವನ್ನು ಹಾಗೆಯೇ ಮುಚ್ಚಿ, ಪಶುವೈದ್ಯರಿಗೆ ಹೇಳಿ, ಅವರ ಮೇಲ್ವಿಚಾರಣೆಯಲ್ಲಿ ವಿಲೇವಾರಿ ಮಾಡಿಸಬೇಕು. ಕೋಳಿಗಳು ಗುಂಪಾಗಿ ಸತ್ತಾಗಲೂ ಬರಿಗೈಯಲ್ಲಿ ಮುಟ್ಟದೆ ತಿಳಿಸುವುದೇ ಸರಿ.

ಅಂಜಬೇಕಾಗಿಲ್ಲದ ಕಾಯಿಲೆಗಳೂ ಇವೆ. ಚರ್ಮಗಂಟು ರೋಗ ಮನುಷ್ಯರಿಗೆ ಬರುವುದಿಲ್ಲ. ಕಾಲುಬಾಯಿ ಜ್ವರವೂ ಮನುಷ್ಯರ ಆರೋಗ್ಯದ ಸಮಸ್ಯೆಯಲ್ಲ. ಕರುವಿನ ಮೈಯ ಹುಳುಕಡ್ಡಿ ಮಾತ್ರ ಮಕ್ಕಳಿಗೆ ಅಂಟುತ್ತದೆ, ಮುಲಾಮಿನಿಂದ ವಾಸಿಯಾಗುತ್ತದೆ.

ವೈದ್ಯರಿಗೆ ಏನು ಹೇಳಬೇಕು

ಆಸ್ಪತ್ರೆಯ ನೂಕುನುಗ್ಗಲಿನಲ್ಲಿ ವೈದ್ಯರಿಗೆ ಕೊಟ್ಟಿಗೆಯ ಬಗ್ಗೆ ಕೇಳುವಷ್ಟು ಪುರುಸೊತ್ತು ಇರುವುದಿಲ್ಲ. ನಾವೂ ದನದ ಮಾತು ಇಲ್ಲೇಕೆ ಎಂದು ಸುಮ್ಮನಿರುತ್ತೇವೆ. ಒಂದೇ ಮನೆಯ ಹಸುವನ್ನು ಪಶುವೈದ್ಯರು, ಮನುಷ್ಯರನ್ನು ಇನ್ನೊಬ್ಬ ವೈದ್ಯರು ನೋಡುತ್ತಾರೆ. ಇವರಿಬ್ಬರಿಗೂ ತಿಳಿದದ್ದನ್ನು ಒಂದೆಡೆ ಸೇರಿಸಬಲ್ಲವರು ಆ ಮನೆಯವರು ಮಾತ್ರ. ಅದಕ್ಕಾಗಿ ಕೊಟ್ಟಿಗೆಯ ಬಾಗಿಲ ಹಿಂದೆ ಒಂದು ಪುಸ್ತಕ ತೂಗುಹಾಕಿ. ಯಾವ ಹಸು ಯಾವಾಗ ಗಬ್ಬವಾಯಿತು, ಕರು ಹಾಕಿತು, ಕಂದು ಹಾಕಿತು, ಯಾರು ಮಾಸು ತೆಗೆದರು, ಯಾವ ಲಸಿಕೆ ಎಂದು ಹಾಕಿದರು, ಉಣುಗಿನ ಔಷಧಿ ಎಂದು ಹಚ್ಚಿದ್ದು, ಹೊಸ ದನ ಎಲ್ಲಿಂದ ಬಂತು ಎಂಬುದನ್ನು ತಾರೀಖು ಸಮೇತ ಬರೆಯಿರಿ. ಶಾಲೆಗೆ ಹೋಗುವ ಮಕ್ಕಳಿಗೆ ಈ ಕೆಲಸ ವಹಿಸಿದರೆ ಚೆನ್ನಾಗಿ ನಡೆಯುತ್ತದೆ.

ಜ್ವರ ಎರಡು ದಿನ ದಾಟಿದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕೇಳದಿದ್ದರೂ ಇಷ್ಟನ್ನು ಹೇಳಿ: ಎಷ್ಟು ದಿನದ ಹಿಂದೆ, ಯಾವ ಕಾಡಿಗೆ ಹೋಗಿದ್ದೆ, ಉಣುಗು ಕಚ್ಚಿತ್ತೋ ಇಲ್ಲವೋ, ಸುತ್ತ ಮಂಗ ಸತ್ತಿದೆಯೇ, ಗದ್ದೆಯ ನೀರಿನಲ್ಲಿ ನಿಂತಿದ್ದೆನೇ, ಕಳೆದ ಕೆಲವು ತಿಂಗಳಲ್ಲಿ ಮನೆಯ ದನ ಕಂದು ಹಾಕಿದೆಯೇ, ಹಸಿ ಹಾಲು ಕುಡಿದಿದ್ದೇನೆಯೇ. ಮಂಗನ ಕಾಯಿಲೆಯ ಅನುಮಾನವಿದ್ದರೆ ಯಾವ ದಿನ ಜ್ವರ ಶುರುವಾಯಿತು ಎಂಬುದನ್ನು ಸರಿಯಾಗಿ ಹೇಳುವುದು ಮುಖ್ಯ, ಏಕೆಂದರೆ ಆರಂಭದ ದಿನಗಳಲ್ಲಿ ವೈರಸ್ಸನ್ನೇ ಹುಡುಕುವ ಪರೀಕ್ಷೆಯನ್ನೂ ಅನಂತರ ದೇಹದ ಪ್ರತಿಕಾಯ ಹುಡುಕುವ ಪರೀಕ್ಷೆಯನ್ನೂ ಮಾಡುತ್ತಾರೆ. ಹಾಗೆಯೇ ಮನೆಯಲ್ಲಿ ಒಬ್ಬರಿಗೆ ಬ್ರುಸೆಲ್ಲಾ ಅಥವಾ ಇಲಿಜ್ವರ ಖಚಿತವಾದರೆ ಆ ವರದಿಯನ್ನು ಪಶುವೈದ್ಯರಿಗೆ ತೋರಿಸಿ ದನಗಳ ಪರೀಕ್ಷೆ ಮಾಡಿಸಬೇಕು. ಪಶು ಆಸ್ಪತ್ರೆ ದೂರವಿದ್ದರೆ ಸಂಚಾರಿ ಪಶು ಚಿಕಿತ್ಸಾ ವಾಹನವನ್ನು 1962ಕ್ಕೆ ಕರೆ ಮಾಡಿ ಮನೆಗೇ ಕರೆಸಬಹುದು.